ನಲವತ್ತೆಂಟು ಯಾವ್ದಕ್ಕೆ, ಆರುನೂರ ನಲವತ್ತು ಯಾವ್ದಕ್ಕೆ?

ನಮ್ಮದು ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಅಂಗಡಿ. ಗಲ್ಲಾದ ಪಕ್ಕ ಒಂದು ಕಪ್ಪುಹಲಗೆ. ಅದರ ಮೇಲೆ ಅಪ್ಪ ಸೀಮೆಸುಣ್ಣದಲ್ಲಿ ಕೆಜಿ ದರ ಬರೆಯುತ್ತಾರೆ: ಅಪ್ಪಟ ಕಾಫಿಗೊಂದು, 80 ಪಾಲು ಕಾಫಿಗೆ 20 ಪಾಲು ಚಿಕೋರಿ ಬೆರೆಸಿದ 80:20ಕ್ಕೊಂದು, ಹಾಗೆಯೇ 60:40ಕ್ಕೊಂದು. ಬಂದವರು ಹಲಗೆ ನೋಡಿ "ಕಾಲು ಕೆಜಿ ಕಟ್ಟಿ" ಅಂದರೆ ವ್ಯಾಪಾರ ಮುಗಿಯಿತು. 2020ರ ಲಾಕ್‌ಡೌನಿನಲ್ಲಿ ಗಿರಾಕಿಗಳೇ ಬರದಾದಾಗ ನಾನು ಆನ್‌ಲೈನ್ ಅಂಗಡಿ ತೆರೆದೆ. ಫೋಟೊಗೆ, ವಿವರಣೆಗೆ ಎರಡು ವಾರ ಕೂತೆ. ಬೆಲೆಗೆ ಹತ್ತು ನಿಮಿಷವನ್ನೂ ಕೊಟ್ಟಿರಲಿಲ್ಲ. ಆಮೇಲೆ ಐದು ವರ್ಷ ತಿದ್ದಿದ್ದು ಮಾತ್ರ ಬರೀ ಅದನ್ನೇ.

ಮೂರು ಮಿಶ್ರಣ, ಒಂದೊಂದಕ್ಕೆ ನಾಲ್ಕು ತೂಕ. ನಾನು ಬಳಸುತ್ತಿದ್ದ ತಂತ್ರಾಂಶ ಹನ್ನೆರಡನ್ನೂ ಒಟ್ಟು ಮಾಡಿ ಹೆಸರಿನ ಕೆಳಗೆ "₹48 – ₹640" ಎಂದು ತೋರಿಸುತ್ತಿತ್ತು. ನನಗೇನೋ ಅದು ಅಚ್ಚುಕಟ್ಟಾಗಿಯೇ ಕಂಡಿತ್ತು. ಒಂದು ದಿನ ರಾಜಾಜಿನಗರದಿಂದ ಒಬ್ಬ ಅಜ್ಜಿ ಫೋನ್ ಮಾಡಿದರು.

"ಅಲ್ಲಪ್ಪಾ, ನಲವತ್ತೆಂಟು ಯಾವ್ದಕ್ಕೆ, ಆರುನೂರ ನಲವತ್ತು ಯಾವ್ದಕ್ಕೆ? ನಂಗ್ ಬೇಕಿರೋದು ಅರ್ಧ ಕೆಜಿ."

"ಕೆಳಗೆ ತೂಕ ಆರಿಸಿದ್ರೆ ಬೆಲೆ ಬರುತ್ತೆ ಅಜ್ಜಿ."

"ಆರಿಸೋಕ್ ಮುಂಚೆ ಗೊತ್ತಾಗ್ಬೇಕಲ್ವೇನಪ್ಪಾ?"

ಅವತ್ತೇ ರಾತ್ರಿ ಆ ಸಾಲು ತೆಗೆದೆ. ಮೂರು ಮಿಶ್ರಣಕ್ಕೆ ಮೂರು ಬೇರೆ ಪುಟ ಮಾಡಿದೆ. ಹೆಚ್ಚು ಹೋಗುತ್ತಿದ್ದದ್ದು ಅರ್ಧ ಕೆಜಿ. ಪುಟ ತೆರೆದಾಗ ಅದೇ ಆಯ್ಕೆಯಾಗಿರುವಂತೆ ಇಟ್ಟು ಅದರ ಬೆಲೆಯನ್ನೇ ದೊಡ್ಡದಾಗಿ ತೋರಿಸಿದೆ. ತೂಕದ ಪಟ್ಟಿಯನ್ನು ಒತ್ತಿ ಇಳಿಸುವ ಹಾಗಿತ್ತು. ಅದನ್ನು ಕಿತ್ತು, ನಾಲ್ಕು ಗುಂಡಿ ಇಟ್ಟು, ಪ್ರತಿ ಗುಂಡಿಯೊಳಗೇ ತೂಕ ಮತ್ತು ಬೆಲೆ ಎರಡನ್ನೂ ಬರೆದೆ. ಅಪ್ಪ ನೋಡಿ, "ಈಗ ನಮ್ಮ ಹಲಗೆ ಥರ ಆಯ್ತು" ಅಂದರು.

ತೆರಿಗೆ ವಿಷಯದಲ್ಲಿ ತಪ್ಪು ನನ್ನದೇ. ಸೆಟ್ಟಿಂಗಿನಲ್ಲಿ "ನಮೂದಿಸುವ ಬೆಲೆ ತೆರಿಗೆ ಹೊರತು" ಅನ್ನುವುದನ್ನು ಒತ್ತಿಬಿಟ್ಟಿದ್ದೆ. ಪುಟದಲ್ಲಿ ₹600 ಕಂಡ ಅಪ್ಪಟ ಕಾಫಿ ಕಾರ್ಟಿಗೆ ಹೋದ ಕೂಡಲೇ 5% ಜಿಎಸ್‌ಟಿ ಸೇರಿ ₹630. ಪೊಟ್ಟಣದ ಮೇಲೆ ಎಂಆರ್‌ಪಿ 600 ಎಂದೇ ಇತ್ತು! ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಬೆಲೆ, ಅದರ ಮೇಲೆ ಒಂದು ಪೈಸೆ ತೆಗೆದುಕೊಂಡರೂ ಅಪರಾಧ. ನಾಲ್ಕು ಜನಕ್ಕೆ ಮೂವತ್ತು ಮೂವತ್ತು ರೂಪಾಯಿ ವಾಪಸ್ ಹಾಕಿದೆ.

ನನಗೆ ನಿಜಕ್ಕೂ ಪಾಠ ಹೇಳಿದ್ದು ಗ್ರಾಂ ಲೆಕ್ಕ. ಪೊಟ್ಟಣ ಸಾಮಗ್ರಿಗಳ ನಿಯಮ 2011ರದ್ದು. 2021ರ ತಿದ್ದುಪಡಿ ಬಂದಮೇಲೆ ಎಂಆರ್‌ಪಿ ಜೊತೆ ಘಟಕದ ಬೆಲೆಯನ್ನೂ ಮುದ್ರಿಸಬೇಕು. ಕೆಜಿಗಿಂತ ಕಡಿಮೆಯಿದ್ದರೆ ಗ್ರಾಂಗೆ ಎಷ್ಟು, ಹೆಚ್ಚಿದ್ದರೆ ಕೆಜಿಗೆ ಎಷ್ಟು ಅಂತ. ಹೇಗೂ ಪೊಟ್ಟಣಕ್ಕೆ ಬೇಕಲ್ಲ, ಪುಟದಲ್ಲೂ ಹಾಕೋಣ ಎಂದು ಲೆಕ್ಕಕ್ಕೆ ಕೂತೆ. ಆಗ 80:20ರ ಬೆಲೆ ಹೀಗಿತ್ತು: ಕಾಲು ಕೆಜಿ ₹160, ಅರ್ಧ ₹310, ಒಂದು ಕೆಜಿ ₹600. ಗ್ರಾಂಗೆ 64 ಪೈಸೆ, 62 ಪೈಸೆ, 60 ಪೈಸೆ. ದೊಡ್ಡದು ತಗೊಂಡರೆ ಅಗ್ಗ; ನ್ಯಾಯವಾಗಿಯೇ ಇದೆ. ಆದರೆ ಹಬ್ಬಕ್ಕೆಂದು ನಾನು ಕಾಲು ಕೆಜಿಯನ್ನು ₹149ಕ್ಕೆ ಇಳಿಸಿದ್ದೆ. ಆ ವಾರ ಹುಬ್ಬಳ್ಳಿಯ ಒಬ್ಬರು ಕಾಲು ಕೆಜಿಯದೇ ನಾಲ್ಕು ಪೊಟ್ಟಣ ತರಿಸಿಕೊಂಡರು. ₹596. ಒಂದು ಕೆಜಿ ಪೊಟ್ಟಣಕ್ಕಿಂತ ನಾಲ್ಕು ರೂಪಾಯಿ ಕಡಿಮೆ, ನಮಗೆ ಮೂರು ಚೀಲದ ಖರ್ಚು ಹೆಚ್ಚು. ಗಿರಾಕಿ ಹಿಡಿದ ಲೆಕ್ಕ ಅಂಗಡಿಯವನಿಗೆ ಹೊಳೆದಿರಲಿಲ್ಲ! ಈಗ ಯಾವುದೇ ರಿಯಾಯಿತಿ ಹಾಕುವ ಮೊದಲು ನಾಲ್ಕೂ ತೂಕದ ಗ್ರಾಂ ಬೆಲೆಯನ್ನು ಸಾಲಾಗಿ ಬರೆದು ನೋಡುತ್ತೇನೆ. ಇನ್ನೊಂದು ಮಾತು: ಕಾಫಿಪುಡಿಯನ್ನು ಯಾರೂ ಗ್ರಾಂ ಲೆಕ್ಕದಲ್ಲಿ ಯೋಚಿಸುವುದಿಲ್ಲ. "ಗ್ರಾಂಗೆ ₹0.62" ಎಂದರೆ ಯಾರ ತಲೆಗೂ ಹೋಗದು. ಅದಕ್ಕೇ ಪಕ್ಕದಲ್ಲಿ "ಕೆಜಿ ಲೆಕ್ಕಕ್ಕೆ ₹620" ಎಂದೂ ಸೇರಿಸಿದ್ದೇನೆ.

ಗೀಟು ಹಾಕಿದ ಬೆಲೆಯ ಬಗ್ಗೆ ಮನೆಯಲ್ಲಿ ಜಗಳವೇ ಆಯಿತು. ಪುಟ ವಿನ್ಯಾಸ ಮಾಡಿಕೊಟ್ಟ ಹುಡುಗ, "500 ಅಂತ ಹಾಕಿ ಗೀಟು ಎಳೀರಿ, ಕೆಳಗೆ 310, ಪಕ್ಕದಲ್ಲಿ ಕೆಂಪಗೆ 38% ಆಫ್" ಅಂದ. ನನಗೂ ಆಸೆಯಾಯಿತು. ಅಪ್ಪ ಕೇಳಿದ್ದು ಒಂದೇ: "ಐನೂರಕ್ಕೆ ಯಾರಿಗಾದ್ರೂ ಮಾರಿದ್ದೀವಾ ನಾವು?" ಈಗ ಪೊಟ್ಟಣದ ಮೇಲೆ ಅಚ್ಚಾದ ಎಂಆರ್‌ಪಿಯನ್ನಷ್ಟೇ ಗೀಟು ಹಾಕಿ ತೋರಿಸುತ್ತೇವೆ, ಅದೂ ಮಾರುವ ಬೆಲೆ ಅದಕ್ಕಿಂತ ಕಡಿಮೆಯಿದ್ದಾಗ ಮಾತ್ರ.

ಆ ಗೀಟಿನದೇ ಇನ್ನೊಂದು ಕತೆ. ಮೈಸೂರಿನ ಗಿರಾಕಿಯೊಬ್ಬರಿಗೆ ಕಣ್ಣು ಕಾಣುವುದಿಲ್ಲ, ಫೋನ್ ಓದಿ ಹೇಳುತ್ತದೆ. ಅವರಿಗೆ ಕೇಳಿಸಿದ್ದು "ಮುನ್ನೂರ ನಲವತ್ತು, ಮುನ್ನೂರ ಹತ್ತು" ಅಂತ ಎರಡು ಸಂಖ್ಯೆ. ಗೀಟು ಕಣ್ಣಿಗಷ್ಟೇ, ಕಿವಿಗೆಲ್ಲಿ ಕಾಣಬೇಕು? ತೆರೆಯ ಮೇಲೆ ಕಾಣದಂತೆ, ಆದರೆ ಓದುವ ತಂತ್ರಾಂಶಕ್ಕೆ ಸಿಗುವಂತೆ "ಎಂಆರ್‌ಪಿ", "ನಮ್ಮ ಬೆಲೆ" ಎಂಬ ಪದಗಳನ್ನು ಸೇರಿಸಿದೆ. ಐದು ನಿಮಿಷದ ಕೆಲಸ, ಎರಡು ವರ್ಷ ಹೊಳೆದಿರಲಿಲ್ಲ.

ಕೊರಿಯರ್ ಖರ್ಚು ಎಲ್ಲಿ ತೋರಿಸಬೇಕು ಅನ್ನುವುದಕ್ಕೆ ಈಗ ಚರ್ಚೆಯೇ ಬೇಕಿಲ್ಲ. 2020ರ ಇ-ಕಾಮರ್ಸ್ ನಿಯಮಗಳು ಒಟ್ಟು ಬೆಲೆಯನ್ನೂ ಅದರ ವಿಂಗಡಣೆಯನ್ನೂ ಹೇಳು ಅನ್ನುತ್ತವೆ. ಕೊನೆಗೆ ಒಂದೊಂದೇ ಖರ್ಚು ಹೊರತೆಗೆಯುವುದನ್ನು 2023ರ ನವೆಂಬರಿನ ಮಾರ್ಗಸೂಚಿ ಗ್ರಾಹಕರನ್ನು ದಾರಿತಪ್ಪಿಸುವ 13 ತಂತ್ರಗಳಲ್ಲಿ ಒಂದು ಎಂದು ಹೆಸರಿಸಿದೆ. ನಮ್ಮ ತೊಡಕು ಬೇರೆ. ಕೊರಿಯರ್ ದರ ಅರ್ಧ ಕೆಜಿಗೊಂದು ಮೆಟ್ಟಿಲು. ಅರ್ಧ ಕೆಜಿ ಪುಡಿಗೆ ಚೀಲ, ಡಬ್ಬ ಸೇರಿದರೆ ಮೆಟ್ಟಿಲು ದಾಟಿಯೇ ದಾಟುತ್ತದೆ. ಸರಾಸರಿ ತೆಗೆದು ರಾಜ್ಯದೊಳಗೆ ಒಂದೇ ದರ ಮಾಡಿ, ಅದನ್ನು ಬೆಲೆಯ ಕೆಳಗಿನ ಸಾಲಿನಲ್ಲೇ ಬರೆದೆ.

₹ ಚಿಹ್ನೆ, ಅಲ್ಪವಿರಾಮ, ಇವು ಸಣ್ಣ ಕಾಟಗಳು. ಆ ಚಿಹ್ನೆ ಬಂದದ್ದು 2010ರಲ್ಲಿ. ನಾನು ಇಷ್ಟಪಟ್ಟು ಹಾಕಿದ ಹಳೆಯ ಕನ್ನಡ ಫಾಂಟಿನಲ್ಲಿ ಅದು ಇರಲೇ ಇಲ್ಲ, ಕೆಲವು ಫೋನುಗಳಲ್ಲಿ ಖಾಲಿ ಚೌಕ ಕಾಣುತ್ತಿತ್ತು. ಮದುವೆ ಉಡುಗೊರೆಯ ದೊಡ್ಡ ಆರ್ಡರಿಗೆ ಮೊತ್ತ 1,20,000 ಆಗುವ ಬದಲು 120,000 ಎಂದು ಬಂತು. ಎರಡನ್ನೂ ಸರಿಮಾಡಿಸಿದೆ.

2025ರ ಫೆಬ್ರವರಿಯದ್ದು ಸಣ್ಣದಲ್ಲ. ಬ್ರೆಜಿಲ್‌ನ ಬರದಿಂದ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಇಲ್ಲಿ ಬೀಜದ ದರ ವಾರ ವಾರಕ್ಕೂ ಏರುತ್ತಿತ್ತು. ಒಂದು ಬೆಳಿಗ್ಗೆ ಹೊಸ ಸ್ಟಿಕ್ಕರ್ ಅಚ್ಚು ಹಾಕಿಸಿ, ಆನ್‌ಲೈನ್‌ನಲ್ಲೂ ಬೆಲೆ ಏರಿಸಿ ಊಟಕ್ಕೆ ಹೋದೆ. ಸಂಜೆಗೆ ಫೋನು: "ಪುಟದಲ್ಲಿ ಒಂದು, ಕಾರ್ಟಿನಲ್ಲಿ ಇನ್ನೊಂದು, ಏನ್ರೀ ಇದು?" ಪುಟ ಬೇಗ ತೆರೆಯಲಿ ಎಂದು ಅದರ ನಕಲನ್ನು ಇಟ್ಟುಕೊಳ್ಳುವ ಕ್ಯಾಶ್ (cache) ಹಾಕಿದ್ದೆ, ಅದು ಹಳೆಯ ಪುಟವನ್ನೇ ಹಂಚುತ್ತಿತ್ತು. ಆ ಹೊತ್ತಿಗೆ ಒಂಬತ್ತು ಆರ್ಡರ್ ಬಂದಿದ್ದವು. ಅಷ್ಟಕ್ಕೂ ಹಳೇ ಬೆಲೆಗೇ ಕಳಿಸಿದೆವು. ಪುಟದಲ್ಲಿ ಕಂಡದ್ದೇ ಹಲಗೆಯ ದರ ಅನ್ನುವುದು ಅಪ್ಪನ ವಾದ, ನಾನೂ ಎದುರಾಡಲಿಲ್ಲ.

ಈಗ ದರ ಬದಲಿಸುವ ದಿನ ಅಪ್ಪ ಒದ್ದೆಬಟ್ಟೆ ಹಿಡಿದು ಹಲಗೆ ಮುಂದೆ ಕಾಯುತ್ತಾರೆ. ನಾನು ಪುಟ ಬದಲಿಸಿ, ಕ್ಯಾಶ್ ಖಾಲಿ ಮಾಡಿ, ಅಮ್ಮನ ಫೋನಿನಲ್ಲಿ ತೆರೆದು ಕಾರ್ಟಿಗೂ ಹಾಕಿ ನೋಡಿ "ಹೂಂ" ಅಂದಮೇಲೆ ಹಲಗೆ ಒರೆಸುತ್ತಾರೆ. ಮೂರು ಮಿಶ್ರಣ ಒಟ್ಟಿಗಿರುವ ಉಡುಗೊರೆ ಪೆಟ್ಟಿಗೆಗೆ ಗ್ರಾಂ ಬೆಲೆ ಹೇಗೆ ತೋರಿಸುವುದು ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ ಒಳಗಿನ ಮೂರಕ್ಕೂ ಬೇರೆ ಬೇರೆ ಸಾಲು ಬರೆದಿದ್ದೇನೆ.