ಸೀಸದ ಎರಕದ ಪಾತ್ರೆಗೆ ಮನೆಯಲ್ಲೇ ಟೆಂಪರೇಚರ್ ಕಂಟ್ರೋಲರ್

ಬೀಸುಬಲೆಗೆ, ಗಾಳಕ್ಕೆ ಸೀಸದ ಗುಂಡು ಮನೆಯಲ್ಲೇ ಎರಕ ಹೊಯ್ಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕರೆಂಟಿನ ಪಾತ್ರೆಯ ಡಯಲ್ ಮೇಲೆ ಬರೀ ನಂಬರ್ ಇರುತ್ತದೆ, ಡಿಗ್ರಿ ಇರುವುದಿಲ್ಲ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ, ಸತು ಕರಗುವುದು ಸುಮಾರು 420ಕ್ಕೆ. ಚಕ್ರದ ಬ್ಯಾಲೆನ್ಸಿಗೆ ಹಾಕುವ ಹಳೆ ವೀಲ್ ವೇಟ್ ರಾಶಿಯಲ್ಲಿ ಸತುವಿನ ತುಂಡುಗಳು ಸೇರಿಕೊಂಡಿರುವುದು ಮಾಮೂಲಿ. 380ರಲ್ಲಿ ನಿಲ್ಲಿಸಿದರೆ ಅವು ಕರಗದೆ ಮೇಲೆ ತೇಲುತ್ತವೆ, ಸೌಟಿನಲ್ಲಿ ಎತ್ತಿ ಬಿಸಾಕಬಹುದು. ಒಳಗೆ ಬೆರೆತರೆ ಮಾತ್ರ ಸೀಸ ಗಂಜಿಯಂತಾಗಿ ಅಚ್ಚಿನ ಮೂಲೆಗೆ ಹೋಗುವುದೇ ಇಲ್ಲ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ: ಪಿಐಡಿ ಕಂಟ್ರೋಲರ್ (ಉಷ್ಣತೆ ಓದಿ ಹೀಟರನ್ನು ಆನ್-ಆಫ್ ಮಾಡಿಸುವ ಮೀಟರ್), ಸ್ಟೀಲ್ ಕವಚದ ಕೆ-ಟೈಪ್ ಥರ್ಮೋಕಪಲ್ (ಉಷ್ಣತೆಯ ಸೆನ್ಸರ್), 25 ಆಂಪ್ಸ್ ಸಾಲಿಡ್ ಸ್ಟೇಟ್ ರಿಲೇ (ಎಸ್‌ಎಸ್‌ಆರ್, ಅಂದರೆ ಕಂಟ್ರೋಲರ್ ಹೇಳಿದಂತೆ ಹೀಟರಿನ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್), ಅದಕ್ಕೆ ಅಲ್ಯೂಮಿನಿಯಂ ಹೀಟ್ ಸಿಂಕ್, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿ, ಲೋಹದ ಡಬ್ಬ. 1000 ವಾಟ್ ಪಾತ್ರೆ 230 ವೋಲ್ಟ್‌ನಲ್ಲಿ ಎಳೆಯುವುದು ನಾಲ್ಕೂವರೆ ಆಂಪ್ಸ್‌ಗಿಂತ ಕಡಿಮೆ. ಆದರೂ ಅಗ್ಗದ ರಿಲೇ ಮೇಲೆ ಬರೆದ ರೇಟಿಂಗ್ ನಂಬಬೇಡಿ, ದೊಡ್ಡದನ್ನೇ ಹಾಕಿ. ರೆಕ್ಸ್ ಸಿ-100 ಎಂಬ ಪಿಐಡಿ ಕಂಟ್ರೋಲರ್ ಕೊಳ್ಳುವಾಗ ಎಸ್‌ಎಸ್‌ಆರ್ ಔಟ್‌ಪುಟ್ ಇರುವುದನ್ನೇ ಕೇಳಿ, ಒಳಗೇ ರಿಲೇ ಇರುವ ಮಾಡೆಲ್ ಕೂಡ ಅದೇ ರೂಪದಲ್ಲಿ ಸಿಗುತ್ತದೆ. ಎಷ್ಟೋ ಪೀಸ್‌ಗಳು 400 ಡಿಗ್ರಿ ಮಿತಿಗೆ ಸೆಟ್ ಆಗಿ ಬರುತ್ತವೆ, ಮೇಲ್ಮಿತಿಯನ್ನು ಮೆನುವಿನಲ್ಲಿ ಏರಿಸಿಕೊಳ್ಳಿ.

ವೈರಿಂಗ್ ಸುಲಭ. ಎಂಸಿಬಿಯಿಂದ ಬಂದ ಫೇಸ್ ರಿಲೇಯ 1ನೇ ಟರ್ಮಿನಲ್‌ಗೆ, 2ರಿಂದ ಹೀಟರಿಗೆ, ನ್ಯೂಟ್ರಲ್ ನೇರವಾಗಿ ಹೀಟರಿಗೆ. ಕಂಟ್ರೋಲರ್ ಔಟ್‌ಪುಟ್‌ನ ಪ್ಲಸ್ 3ಕ್ಕೆ, ಮೈನಸ್ 4ಕ್ಕೆ. ಡಬ್ಬಕ್ಕೂ ಪಾತ್ರೆಯ ಮೈಗೂ ಅರ್ತಿಂಗ್ ಕಡ್ಡಾಯ. ರಿಲೇ ಆಫ್ ಆಗಿದ್ದಾಗಲೂ ಒಂಚೂರು ಕರೆಂಟ್ ಸೋರುತ್ತದೆ, ಹಾಗಾಗಿ ಪ್ಲಗ್ ಕಿತ್ತ ಮೇಲೆಯೇ ಡಬ್ಬಕ್ಕೆ ಕೈ ಹಾಕಿ. 230 ವೋಲ್ಟ್ ಕೆಲಸ ಗೊತ್ತಿಲ್ಲದಿದ್ದರೆ ಈ ಭಾಗ ಎಲೆಕ್ಟ್ರಿಷಿಯನ್‌ಗೆ ಬಿಡಿ.

ನಿಜವಾದ ಅಪಾಯ ಇರುವುದು ಥರ್ಮೋಕಪಲ್‌ನಲ್ಲಿ. ಅದರ ತುದಿ ಸೀಸದೊಳಗೆ ಮುಳುಗಿರಬೇಕು, ತಳಕ್ಕೂ ಗೋಡೆಗೂ ತಾಗಬಾರದು, ಪಾತ್ರೆ ಅರ್ಧ ಖಾಲಿಯಾದಾಗಲೂ ಮೇಲೆ ಬರಬಾರದು. ಸ್ಟೀಲ್ ಕ್ಲಾಂಪ್ ಹಾಕಿ ಬಿಗಿಯಿರಿ. ಅದು ಜಾರಿ ಹೊರಬಿದ್ದರೆ ಕಂಟ್ರೋಲರ್ ಓದುವುದು ಕೋಣೆಯ 30 ಡಿಗ್ರಿಯನ್ನು. ತಣ್ಣಗಿದೆ ಅಂದುಕೊಂಡು ಹೀಟರನ್ನು ಪೂರ್ತಿ ಉರಿಸುತ್ತಲೇ ಇರುತ್ತದೆ. ಎರಡು ತಂತಿ ಅದಲು ಬದಲಾದರೂ ಅಷ್ಟೇ: ಪಾತ್ರೆ ಕಾದಷ್ಟೂ ಡಿಸ್‌ಪ್ಲೇಯ ಅಂಕೆ ಕೆಳಗೆ ಇಳಿಯುತ್ತದೆ. ಅದಕ್ಕೇ ಮೊದಲ ಸಲ ಆನ್ ಮಾಡಿದಾಗ ಅಂಕೆ ಏರುತ್ತಿದೆಯಾ ಅಂತ ಕಣ್ಣಿಟ್ಟು ನೋಡಿ.

ರಿಲೇ ಕೆಟ್ಟರೆ ಸಾಮಾನ್ಯವಾಗಿ ಆನ್ ಆಗಿಯೇ ಸಿಕ್ಕಿಕೊಳ್ಳುತ್ತದೆ. ಆಗ ಪಿಐಡಿ ಎಷ್ಟೇ ಆಫ್ ಅಂದರೂ ಕೇಳುವುದಿಲ್ಲ. ಆದ್ದರಿಂದ ಪಾತ್ರೆಯ ಹಳೆ ಥರ್ಮೋಸ್ಟಾಟ್ ಕಿತ್ತು ಹಾಕಬೇಡಿ, ಹೀಟರ್ ಲೈನಿನಲ್ಲಿ ಹಾಗೇ ಇರಲಿ. ಅದನ್ನು ಕಂಟ್ರೋಲರ್ ಡಿಸ್‌ಪ್ಲೇ ನೋಡಿಕೊಂಡು ಸುಮಾರು 430ಕ್ಕೆ ಕಟ್ ಆಗುವಂತೆ ತಿರುಗಿಸಿಡಿ. ಅದಿಲ್ಲದ ಪಾತ್ರೆಗೆ ಪ್ರತ್ಯೇಕ ಸೆನ್ಸರಿನ ಇನ್ನೊಂದು ಕಂಟ್ರೋಲರ್, ಅದರಿಂದ ನಡೆಯುವ ಕಾಂಟ್ಯಾಕ್ಟರ್ (ಹೀಟರ್ ಲೈನನ್ನೇ ಕಡಿಯುವ ದೊಡ್ಡ ಸ್ವಿಚ್) ಬೇಕೇ ಬೇಕು. ಖರ್ಚು ಉಳಿಸುವ ಜಾಗ ಇದಲ್ಲ.

ಕಂಟ್ರೋಲರ್ ತನ್ನ ಲೆಕ್ಕವನ್ನು ತಾನೇ ಹೊಂದಿಸಿಕೊಳ್ಳುವ ಆಟೋ ಟ್ಯೂನ್ ಅನ್ನು ಪಾತ್ರೆ ತುಂಬ ಸೀಸ ಕರಗಿರುವಾಗ, 380ಕ್ಕೆ ಸೆಟ್ ಮಾಡಿಯೇ ನಡೆಸಿ. ಖಾಲಿ ಪಾತ್ರೆಯಲ್ಲಿ ಬಂದ ಲೆಕ್ಕ ತುಂಬಿದ ಪಾತ್ರೆಗೆ ಹೊಂದುವುದಿಲ್ಲ. ಮೀಟರ್ ಸರಿಯಿದೆಯಾ ನೋಡಲು ಬೇರೆ ಉಪಕರಣ ಬೇಕಿಲ್ಲ. ಶುದ್ಧ ಸೀಸ ಕರಗಿಸಿ, ಹೀಟರ್ ಆಫ್ ಮಾಡಿ, ಡಿಸ್‌ಪ್ಲೇ ನೋಡುತ್ತಾ ಕೂರಿ. ಅಂಕೆ ಇಳಿಯುತ್ತಾ ಬಂದು ಒಂದು ಕಡೆ ಕೆಲವು ನಿಮಿಷ ನಿಂತುಬಿಡುತ್ತದೆ, ಸೀಸ ಗಟ್ಟಿಯಾಗುತ್ತಿರುವುದು ಆಗಲೇ. ಅದು 327 ಇರಬೇಕು. 333 ಅಂತ ನಿಂತರೆ ಸೆನ್ಸರ್ ತಿದ್ದುಪಡಿಯಲ್ಲಿ ಮೈನಸ್ 6 ಕೊಡಿ. ವೀಲ್ ವೇಟ್ ಮಿಶ್ರಲೋಹದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಅದು ಬೇರೆ ಉಷ್ಣತೆಯಲ್ಲಿ ಗಟ್ಟಿಯಾಗುತ್ತದೆ.

ಕಂಟ್ರೋಲರ್ ಇದೆ ಅಂತ ಪಾತ್ರೆ ಬಿಟ್ಟು ಎದ್ದು ಹೋಗಬೇಡಿ. ಒಂದು ಹನಿ ನೀರು ಸೀಸದೊಳಗೆ ಹೋದರೂ ಆವಿಯಾಗಿ ಸಿಡಿಯುತ್ತದೆ. ಹೊಸ ತುಂಡುಗಳನ್ನು, ಅಚ್ಚನ್ನು, ಸೌಟನ್ನು ಮೊದಲೇ ಬಿಸಿ ಮಾಡಿ, ಮಳೆಗಾಲದಲ್ಲಂತೂ ಇದು ತಪ್ಪಲೇಬಾರದು. ಹಳೆ ಬ್ಯಾಟರಿಯ ಸೀಸ ಬೇಡವೇ ಬೇಡ, ಅದರಿಂದ ವಿಷಾನಿಲ ಬರಬಹುದು. ಕೆಲಸ ಬಯಲಲ್ಲಿ ಮಾಡಿ, ಮಕ್ಕಳು ಹತ್ತಿರ ಬರಬಾರದು, ಮೇಲೆ ಕಟ್ಟಿದ ಬೂದಿಯನ್ನು ಮುಚ್ಚಳವಿರುವ ಡಬ್ಬಕ್ಕೆ ಹಾಕಿ. ಕೈ ಮುಖ ಸೋಪಿನಲ್ಲಿ ತೊಳೆದು, ಬಟ್ಟೆ ಬದಲಿಸಿದ ಮೇಲೆಯೇ ಒಳಗೆ ಹೋಗಿ.