ಕೊನೆಗಾರ ಬರುವ ದಿನ

ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಔಷಧಿ ಹೊಡೆಸುವ ದಿನವನ್ನು ಹೇಗೆ ನಿರ್ಧರಿಸುತ್ತಾರೆ ಎಂಬುದಕ್ಕೆ ಗಣಿತದ ಮಾದರಿಯೊಂದನ್ನು ಕಟ್ಟಲು ಹೊರಟಾಗ, ತೀರ್ಥಹಳ್ಳಿ ಕಡೆಯ ನಮ್ಮ ಊರಿನ ಮನೆಗಳನ್ನೇ ಆರಿಸಿಕೊಂಡೆ. ಶಿಫಾರಸು ಎಲ್ಲರಿಗೂ ಗೊತ್ತಿರುವುದೇ: ಮುಂಗಾರು ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಬೆರೆಸಿದ ಶೇಕಡಾ 1ರ ಬೋರ್ಡೋ ದ್ರಾವಣ, 40–45 ದಿನ ಬಿಟ್ಟು ಇನ್ನೊಮ್ಮೆ. ಔಷಧಿಯ ಖರ್ಚು, ಕೂಲಿ, ಮಳೆಯ ಸಂಭವ, ಉದುರಬಹುದಾದ ಕಾಯಿಯ ಬೆಲೆ ಇವನ್ನೆಲ್ಲ ತೂಗಿ, ನಷ್ಟ ಅತಿ ಕಡಿಮೆಯಾಗುವ ದಿನವನ್ನು ಮಾದರಿಯು ಪ್ರತಿ ಮನೆಗೂ ಹೇಳುತ್ತಿತ್ತು. ನಿಜವಾಗಿ ಹೊಡೆಸಿದ ದಿನಗಳಿಗೂ ಅದಕ್ಕೂ ತಾಳಮೇಳವೇ ಇರಲಿಲ್ಲ. ಬೆಳೆಗಾರರ ಲೆಕ್ಕ ತಪ್ಪುತ್ತಿದೆ ಎಂದು ಬರೆದುಕೊಂಡೆ. ಆ ಟಿಪ್ಪಣಿಯನ್ನು ಈಗ ಓದಲು ನಾಚಿಕೆಯಾಗುತ್ತದೆ.

ಎರಡನೆಯ ಸಲದ ಔಷಧಿಯ ಹೊತ್ತಿಗೆ ಪಕ್ಕದ ತೋಟಕ್ಕೆ ಹೋಗಿ ಕುಳಿತೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಡ್ರಮ್ಮಿನಲ್ಲಿ ದ್ರಾವಣ ಕಲಸಿತ್ತು. ಯಜಮಾನರು ಕತ್ತಿಯ ಅಲಗನ್ನು ಅದ್ದಿ ತೆಗೆದು, ಕೆಂಪು ಹತ್ತಿದ್ದನ್ನು ಕಂಡು ಇನ್ನಷ್ಟು ಸುಣ್ಣದ ನೀರು ಸುರಿದರು. ಮಳೆ ಬಿಟ್ಟು ಹೊಳವಾಗಿತ್ತು. ಕಲಸಿದ್ದನ್ನು ಅಂದೇ ಮುಗಿಸಬೇಕು, ಆದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬರುತ್ತೇನೆಂದ ಹೊತ್ತು ಮೀರಿತ್ತು. “ಮೇಲಿನ ಮನೆಯದು ಮುಗಿಯದೆ ಅವ ಇಳಿಯೋದಿಲ್ಲ ಮಾರಾಯ, ಅವ ಬಂದ ದಿನವೇ ನಮಗೆ ಒಳ್ಳೆ ದಿನ” ಎಂದರು.

1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್, ಮನುಷ್ಯ ಅತ್ಯುತ್ತಮವಾದುದನ್ನು ಹುಡುಕುತ್ತ ಹೋಗದೆ ಸಾಕೆನಿಸಿದಲ್ಲಿ ನಿಲ್ಲುತ್ತಾನೆ ಎಂದವರು. ಅವರು ವೈಚಾರಿಕತೆಯನ್ನು ಕತ್ತರಿಗೆ ಹೋಲಿಸಿದ್ದರು: ಒಂದು ಅಲಗು ಮನಸ್ಸಿನ ಮಿತಿ, ಇನ್ನೊಂದು ಸುತ್ತಲಿನ ಪರಿಸ್ಥಿತಿಯ ರಚನೆ. ನಾನು ಹಿಡಿದದ್ದು ಮೊದಲನೆಯ ಅಲಗನ್ನು ಮಾತ್ರ.

ಮರಳಿ ಕಟ್ಟುವಾಗ ಕೊನೆಗಾರನ ಸರದಿಯನ್ನೇ ಮಾದರಿಯ ನಡುವೆ ಇಟ್ಟೆ: ಮನೆಗಳ ಅನುಕ್ರಮ, ಮರಗಳ ಎಣಿಕೆ, ಹೊಳವಿನ ದಿನಗಳು. ಬೆಳೆಗಾರರ ಪಾಲಿಗೆ ಉಳಿದದ್ದು ಎರಡೇ ಪ್ರಶ್ನೆ: ಮೈಲುತುತ್ತ ಮನೆಯಲ್ಲಿದೆಯೇ, ಬೆಳಗಿನಿಂದ ಮಳೆ ಬಿಟ್ಟಿದೆಯೇ. ಎರಡಕ್ಕೂ ಹೌದೆಂದರೆ ಹೊಡೆಸುತ್ತಾರೆ. ಇಷ್ಟು ಒರಟಾದ ನಿಯಮವು ನನ್ನ ನಾಜೂಕಾದ ಸಮೀಕರಣಗಳಿಗಿಂತ ದಿನಗಳನ್ನು ಎಷ್ಟೋ ಹತ್ತಿರ ಹಿಡಿಯಿತು.

ಹಿಡಿಯದೆ ಹೋದದ್ದು ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಕೊಂಡ ಮನೆಗಳಲ್ಲಿ. ನೆಲದಿಂದಲೇ ಔಷಧಿ ಹೊಡೆಯುವ ಅವರಿಗೆ ಕೊನೆಗಾರನ ಹಂಗಿಲ್ಲವಾದ್ದರಿಂದ ನನ್ನ ಹಳೆಯ ಮಾದರಿ ಅಲ್ಲಾದರೂ ಹೊಂದಬಹುದೆಂದು ಆಸೆಪಟ್ಟೆ. ಅದೂ ಹೊಂದಲಿಲ್ಲ. ದೋಟಿ ಹಿಡಿಯುವ ಮಗ ಬೆಂಗಳೂರಿನಿಂದ ಬರುವುದು ಶನಿವಾರ ಬೆಳಿಗ್ಗೆ, ಹಿಂದಿರುಗುವುದು ಭಾನುವಾರ ರಾತ್ರಿಯ ಬಸ್ಸಿಗೆ. ಆ ಮನೆಗಳ ಲೆಕ್ಕಕ್ಕೆ ಈಗ ವಾರದ ದಿನವನ್ನೂ ಸೇರಿಸಿದ್ದೇನೆ.