ವೇಲ್ಸ್‌ನ ಹಳೇ ಹಳ್ಳಿಮನೆ: ವಯಸ್ಸು ಗುರುತಿಸುವುದು, ಗೋಡೆ ಕೆಡಿಸದಿರುವುದು

ಬಾಗಿಲ ಮೇಲೆ ಕೆತ್ತಿದ ಇಸವಿಯನ್ನು ನಂಬಿ ಕೂರಬೇಡಿ. ಎಷ್ಟೋ ಸಲ ಅದು ದುರಸ್ತಿಯ ವರ್ಷ. ಟಾರ್ಚ್ ಹಿಡಿದು ಮೊದಲು ಅಟ್ಟ ಹತ್ತಿ. ಓಕ್ ತೊಲೆಗಳಿಗೆಲ್ಲ ಒಂದೇ ಸಮನಾಗಿ ಮಸಿ ಹಿಡಿದಿದ್ದರೆ, ಹೊಗೆ ಹೊರಹೋಗುವ ಗೂಡು, ಅಂದರೆ ಚಿಮಣಿ, ಬರುವ ಮುಂಚೆ ನಡುಮನೆಯ ನೆಲದ ಮೇಲೇ ಬೆಂಕಿ ಉರಿಯುತ್ತಿತ್ತು ಎಂದರ್ಥ. ಅಂಥ ಮನೆ ಸಾಮಾನ್ಯವಾಗಿ 16ನೇ ಶತಮಾನದ್ದು, ಇಲ್ಲವೇ ಅದಕ್ಕೂ ಹಿಂದಿನದು. ಒಂದೇ ಕಡೆ ಕಪ್ಪಾಗಿದ್ದರೆ ಹೊಗೆ ಸೋರುವ ಚಿಮಣಿಯ ಕೆಲಸವಿರಬಹುದು. ಮಸಿ ಉಜ್ಜಿ ತೊಳೆಯಬೇಡಿ, ಸಾಕ್ಷಿಯೇ ಅದು.

ಬುಡದಿಂದ ನೆತ್ತಿಯವರೆಗೆ ಬಾಗಿ ಕೂಡುವ ಜೋಡಿ ತೊಲೆಗೆ ಕ್ರಕ್ ಎನ್ನುತ್ತಾರೆ. ಅದರ ಕಾಲು ಕಲ್ಲುಗೋಡೆಯಲ್ಲಿ ಹೂತಿದ್ದರೆ, ಗೋಡೆ ಆಮೇಲೆ ಕಟ್ಟಿದ್ದಿರಬಹುದು. ಖಚಿತ ವರ್ಷ ಬೇಕೆಂದರೆ ಮರದ ಉಂಗುರ ಎಣಿಸುವ ಪರೀಕ್ಷೆಯೇ ಗತಿ. ತೊಗಟೆಯಂಚು, ಅಂದರೆ ತೊಗಟೆಗೆ ತಾಗಿದ್ದ ಕೊನೆಯ ಉಂಗುರ, ಉಳಿದಿರುವ ತೊಲೆಯಿಂದಲೇ ಮಾದರಿ ತೆಗೆಸಿ.

ಇನ್ನು ಗೋಡೆ. ಸಂದಿಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಕಲ್ಲು ಸಿಡಿಯುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಸಂದಿಯಲ್ಲಿರುವುದನ್ನು ಸುಮಾರು 25 ಮಿ.ಮೀ. ಆಳಕ್ಕೆ ಕೈಉಳಿಯಿಂದ ಕೆತ್ತಿ ತೆಗೆದು, ಒದ್ದೆ ಮಾಡಿ, 1 ಪಾಲು ಸುಣ್ಣಕ್ಕೆ 3 ಪಾಲು ಒರಟು ಮರಳಿನ ಗಾರೆ ತುಂಬಿ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿಯಿದ್ದರೆ ಕೈಹಾಕಬೇಡಿ. ಸಂರಕ್ಷಿತ ಪಟ್ಟಿಯಲ್ಲಿರುವ ಮನೆಯಾದರೆ, ಅದರ ಸ್ವರೂಪ ಬದಲಿಸುವ ಯಾವ ಕೆಲಸಕ್ಕೂ ಮೊದಲೇ ಸ್ಥಳೀಯ ಯೋಜನಾ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು.